ದಿಂಬಿನ ಕೆಳಗಿನ ಕುಡುಗೋಲು

ನಮ್ಮದು ಹೆದರುಪುಕ್ಕಲರ ಮನೆ. ಹೀಗೆ ಹೇಳಿದರೆ ಅಪ್ಪನಿಗೆ ಕೋಪ ಬರುತ್ತದೆ. ಆದರೆ ಸುಗಟೂರಿನಲ್ಲಿ ರೇಷ್ಮೆ ಹುಳು ಸಾಕುವ ಯಾರ ಮನೆಗೆ ಹೋಗಿ ನೋಡಿದರೂ ಕಥೆ ಇಷ್ಟೇ. ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ನುಗ್ಗೀತು ಎಂಬ ಭಯ, ಪಕ್ಕದ ತೋಟದವರು ಟೊಮೆಟೊಗೆ ಹೊಡೆದ ಔಷಧಿ ನಮ್ಮ ಹಿಪ್ಪುನೇರಳೆ ಸೊಪ್ಪಿಗೆ ತಗುಲಿತೇನೋ ಎಂಬ ಭಯ, ಬಿಸಿಲು ಏರಿದರೆ ಭಯ, ಮೋಡ ಕವಿದರೆ ಭಯ. ಹುಳುಗಳು ಪೊರೆ ಬಿಡುವ ಮುಂಚೆ ಮೇವು ಮುಟ್ಟದೆ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮುವುದೂ ಇಲ್ಲ. ಹೊರಗಿನವರು ಯಾರೇ ಬರಲಿ, ಹುಳುಮನೆಯ ಹೊಸ್ತಿಲು ದಾಟುವಂತಿಲ್ಲ. ನಾನು ಹುಟ್ಟಿ ಬೆಳೆದದ್ದು ಇಂಥ ಮನೆಯಲ್ಲಿ.

ಅದರಲ್ಲೂ ನಾನು ಒಂದು ಕೈ ಮೇಲು. ನಾಯಿ, ಗುಡುಗು, ಮೇಷ್ಟರು, ಕರೆಂಟು ಹೋದ ಸಂಜೆ, ಯಾವುದನ್ನೂ ಬಿಟ್ಟವಳಲ್ಲ. ಕೊಟ್ಟಿಗೆಗೆ ಹೋಗಿ ಕರು ಕಟ್ಟಿ ಬಾ ಎಂದರೆ ತಂಗಿಯನ್ನು ಜೊತೆಗೆ ಎಳೆದುಕೊಂಡು ಹೋಗುತ್ತಿದ್ದೆ. ಅವಳು ನನಗಿಂತ ಮೂರು ವರ್ಷ ಚಿಕ್ಕವಳು. ನಿದ್ದೆಯಲ್ಲಿ ಬೆಚ್ಚಿ ಕೂಗಿಕೊಳ್ಳುವುದಂತೂ ಇದ್ದೇ ಇತ್ತು. ಅದಕ್ಕೆ ಅಮ್ಮನ ಬಳಿ ಒಂದೇ ಮದ್ದು, ದಿಂಬಿನ ಕೆಳಗೆ ಕಬ್ಬಿಣ. ಬಾಣಂತಿಯ ಮಗ್ಗುಲಲ್ಲಿ, ಹಸುಗೂಸಿನ ತೊಟ್ಟಿಲಲ್ಲಿ ಇಡುವ ಹಾಗೆ. ಚಿಕ್ಕಂದಿನಲ್ಲಿ ನನಗೆ ಅಡಿಕೆ ಕತ್ತರಿ ಇಡುತ್ತಿದ್ದಳು, ದೊಡ್ಡವಳಾದ ಮೇಲೆ ತರಕಾರಿ ಚಾಕು. ಕಬ್ಬಿಣ ಇದ್ದ ಕಡೆ ಕೆಟ್ಟದ್ದು ಸುಳಿಯುವುದಿಲ್ಲ ಎಂಬುದು ಅವಳ ನಂಬಿಕೆ. ಕೋಲಾರದ ಕಾಲೇಜಿಗೆ ಸೇರಿ ಪ್ರಾಣಿಶಾಸ್ತ್ರ ಓದುತ್ತಿದ್ದ ನಾನು ಹಗಲೆಲ್ಲ ಕಪ್ಪೆಯ ನರಮಂಡಲದ ಚಿತ್ರ ಬರೆದು, ರಾತ್ರಿ ಚಾಕುವಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ನಿದ್ದೆ ಬರುತ್ತಿತ್ತು, ಅಷ್ಟು ಸಾಕಿತ್ತು.

ಇಂಥವಳನ್ನು ಕಾಲೇಜಿನವರು ಒಂದು ಸೆಮಿಸ್ಟರ್ ಪೋಲೆಂಡ್ ದೇಶಕ್ಕೆ ಕಳಿಸಲು ಆರಿಸಿದರು. ಅಲ್ಲಿನ ಒಂದು ವಿಶ್ವವಿದ್ಯಾಲಯದ ಜೊತೆ ಏನೋ ಒಪ್ಪಂದವಾಗಿತ್ತು. ಖರ್ಚೆಲ್ಲ ಅವರದೇ. ಅರ್ಜಿ ಹಾಕಿದ್ದೂ ನಾನಲ್ಲ, ನನ್ನ ಹೆಸರಿನಲ್ಲಿ ನನ್ನ ತಂಗಿ. ಅವಳು ಆಗ ಪಿಯುಸಿ ಓದುತ್ತಿದ್ದಳು. ಸುದ್ದಿ ಬಂದ ದಿನ, "ಯಾಕೆ ಹಾಕಿದ್ಯೇ ಪಾಪಿ?" ಎಂದು ಅವಳ ಜಡೆ ಹಿಡಿದು ಎಳೆದೆ. ಅವಳು ಅತ್ತ ಇತ್ತ ನೋಡಿ, "ನೀನು ಹೋದ್ರೇನೇ ಅಕ್ಕಾ ನಾನು ಹೋಗಕ್ಕಾಗೋದು," ಎಂದಳು.

ಅದು ನಿಜವೇ. ನಮ್ಮ ಕಡೆಯ ಹುಡುಗಿಯರಿಗೆಲ್ಲ ಒಂದು ಅಡ್ಡಗೋಡೆ ಇತ್ತು. ಮುಳಬಾಗಿಲು ತಾಲ್ಲೂಕಿನ ತಾಯಲೂರಿನಲ್ಲಿರುವ ದೊಡ್ಡಮ್ಮನ ಮಗಳು ಬೆಂಗಳೂರಿನ ಹಾಸ್ಟೆಲ್ಲಿಗೆ ಸೇರಿ, ಅಲ್ಲಿ ಯಾರ ಜೊತೆಗೋ ಜಗಳವಾಗಿ, ಅರ್ಧ ವರ್ಷಕ್ಕೇ ಪೆಟ್ಟಿಗೆ ಹೊತ್ತುಕೊಂಡು ವಾಪಸ್ಸು ಬಂದಿದ್ದಳು. ಆಮೇಲೆ ಅವಳಿಗೆ ಮದುವೆಯೂ ಆಯಿತು, ಮಕ್ಕಳೂ ಆದವು. ಆದರೆ ಮನೆತನದಲ್ಲಿ ಯಾವ ಹುಡುಗಿ ಹೊರಗೆ ಓದುತ್ತೇನೆ ಎಂದರೂ ಹಿರಿಯರು ಅವಳನ್ನೇ ತಂದು ಮುಂದೆ ನಿಲ್ಲಿಸುತ್ತಿದ್ದರು. ತಂಗಿಗೆ ಧಾರವಾಡಕ್ಕೆ ಹೋಗಿ ಕೃಷಿ ಓದಬೇಕು ಎಂಬ ಹುಚ್ಚು. ಮಾಲೂರಿನಿಂದ ಅವಳಿಗೆ ಒಂದು ಸಂಬಂಧವೂ ಆಗಲೇ ಬಂದು ಹೋಗಿತ್ತು. ಹುಡುಗನ ಕಡೆಯವರು ಪಿಯುಸಿ ಮುಗಿಯಲಿ ಎಂದು ಕಾಯುತ್ತಿದ್ದರು.

ಅಪ್ಪ ಬಹಳ ಯೋಚಿಸಿ, ಒಂದು ಬೆಳಿಗ್ಗೆ ಸೊಪ್ಪಿನ ಹೊರೆ ಇಳಿಸಿ ಹೇಳಿದರು: "ಕಳಿಸ್ತೀನಮ್ಮಾ. ಆದ್ರೆ ಒಂದು ಮಾತು. ನೀನು ಹೋಗಿ ಸರಿಯಾಗಿ ಮುಗಿಸ್ಕೊಂಡು ಬಂದ್ರೆ ಚಿಕ್ಕೋಳನ್ನೂ ಧಾರವಾಡಕ್ಕೆ ಕಳಿಸ್ತೀನಿ. ಮಧ್ಯದಲ್ಲಿ ಅತ್ಕೊಂಡು ಬಂದ್ರೆ, ಮಾಲೂರಿನವರಿಗೆ ಹೂಂ ಅಂತೀನಿ. ನನ್ನ ಬೈಬೇಡಿ."

ಹೊರಡುವ ದಿನ ಅಮ್ಮ ಒಂದು ಕುಡುಗೋಲು ತಂದು ನನ್ನ ಪೆಟ್ಟಿಗೆಗೆ ಇಟ್ಟಳು. ಹಳೆಯದು. ಮಸೆದು ಮಸೆದು ಅಲಗು ಬೆರಳಗಲಕ್ಕೆ ಸವೆದಿತ್ತು, ಹಿಡಿಗೆ ನೀಲಿ ಸೀರೆಯ ಚೂರು ಸುತ್ತಿತ್ತು. ಸೊಪ್ಪು ಕೊಯ್ಯಲು ಬಾರದೆ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿಟ್ಟದ್ದೇನೋ ಎಂದುಕೊಂಡೆ. ಅಮ್ಮ ಗೌನಿಪಲ್ಲಿಯ ಕಡೆಯವಳು, ಅವಸರವಾದರೆ ಬಾಯಿಗೆ ತೆಲುಗೇ ಬರುವುದು. "ಈ ಕೊಡವಲಿ ದಿಂಬಿನ ಕೆಳಗೆ ಇಟ್ಕೋ. ಒಂದು ರಾತ್ರೀನೂ ಬಿಡ್ಬೇಡ. ಇದು ಇದ್ರೆ ನೀನು ಭಯ ಪಡೋ ಹಂಗೇ ಇಲ್ಲ," ಎಂದಳು. ಕೈಚೀಲದಲ್ಲಿ ಇಟ್ಟರೆ ಪೊಲೀಸರು ಹಿಡಿಯುತ್ತಾರೆಂದು ತಂಗಿ ಅದನ್ನು ಪಂಚೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ತಳಕ್ಕೆ ತಳ್ಳಿದಳು. ಆಮೇಲೆ ನನ್ನ ಕಿವಿಯಲ್ಲಿ, "ಅಕ್ಕಾ, ಅಳು ಬಂದ್ರೆ ನಂಗೆ ಫೋನ್ ಮಾಡು. ಅಪ್ಪಂಗೆ ಮಾಡ್ಬೇಡ," ಎಂದಳು.

ವಿಮಾನದಲ್ಲಿ ಕುಳಿತಷ್ಟು ಹೊತ್ತೂ ನನಗೆ ಎರಡೇ ಯೋಚನೆ. ವಿಮಾನ ಬೀಳುತ್ತದೆ, ಇಲ್ಲವೇ ಕುಡುಗೋಲು ಸಿಕ್ಕಿಬೀಳುತ್ತದೆ. ಎರಡೂ ಆಗಲಿಲ್ಲ.

ಅಲ್ಲಿ ನಾನು ಹೆದರಿದ್ದು ಜನರಿಗಿಂತ ಹೆಚ್ಚಾಗಿ ನಿಶ್ಶಬ್ದಕ್ಕೆ. ಕೋಲಾರದ ಬಸ್ಸಿನಲ್ಲಿ ಕಂಡಕ್ಟರ್ ಬೈಯುವುದು, ಯಾರದೋ ಮೊಬೈಲಿನ ತೆಲುಗು ಹಾಡು, ಹಿಂದಿನ ಸೀಟಿನ ಅಜ್ಜಿಯ ಸೊಸೆಪುರಾಣ, ಇಷ್ಟೆಲ್ಲ ಇದ್ದರೆ ನನಗೆ ಜೀವ ನೆಟ್ಟಗಿರುತ್ತದೆ. ಅಲ್ಲಿ ಟ್ರಾಮಿನ ತುಂಬ ಜನ, ಒಬ್ಬರ ಬಾಯಲ್ಲೂ ಒಂದು ಮಾತಿಲ್ಲ. ಏನೋ ಕೆಟ್ಟ ಸುದ್ದಿ ಬಂದಿದೆ, ನನಗೊಬ್ಬಳಿಗೆ ಹೇಳಿಲ್ಲ ಎಂದು ಮೊದಲ ವಾರ ಪೂರ್ತಿ ಅನ್ನಿಸಿತ್ತು. ಮಧ್ಯಾಹ್ನದ ಕ್ಲಾಸು ಮುಗಿಸಿ ಹೊರಗೆ ಬಂದರೆ ಕತ್ತಲಾಗಿರುತ್ತಿತ್ತು. ನಮ್ಮೂರಿನಲ್ಲಿ ಹಸುಗಳು ಮನೆಗೆ ಬರುವ ಮುಂಚಿನ ಹೊತ್ತು ಅದು. ಹಾಸ್ಟೆಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಸ್ಮಶಾನ ಬೇರೆ. ಅದರ ಗೋಡೆ ಮುಗಿಯುವ ತನಕ ನಾನು ಬಾಯಲ್ಲಿ ದೇವರ ಹೆಸರು ಹೇಳುತ್ತ, ಓಡಿದರೆ ಯಾರಾದರೂ ನೋಡಿಯಾರೆಂದು ಓಡದೆ, ಓಟದಂಥ ನಡಿಗೆ ನಡೆಯುತ್ತಿದ್ದೆ.

ಎಲ್ಲವೂ ಕೆಟ್ಟದಾಗಿತ್ತು ಎಂದರೆ ದೇವರು ಮೆಚ್ಚುವುದಿಲ್ಲ. ಪ್ರಯೋಗಾಲಯದಲ್ಲಿ ನನಗೊಬ್ಬಳಿಗೇ ಒಂದು ಸೂಕ್ಷ್ಮದರ್ಶಕ ಕೊಟ್ಟರು. ನಮ್ಮ ಕಾಲೇಜಿನಲ್ಲಿ ಸಾಲಿನಲ್ಲಿ ನಿಂತು, ಕಣ್ಣಿಡುವಷ್ಟರಲ್ಲಿ ಹಿಂದಿನವಳು ತಿವಿಯುವುದೇ ಅಭ್ಯಾಸ. ಇಲ್ಲಿ ಬೇಕಾದಷ್ಟು ಹೊತ್ತು ನೋಡಬಹುದಿತ್ತು. ಒಂದು ಸೊಳ್ಳೆಯ ರೆಕ್ಕೆಯನ್ನು ನಾನು ಒಂದು ಇಡೀ ಬೆಳಿಗ್ಗೆ ನೋಡಿದ್ದೇನೆ. ಆಮೇಲೆ ನವೆಂಬರಿನ ಮೊದಲಲ್ಲಿ ಒಂದು ಸಂಜೆ ಸತ್ತವರನ್ನು ನೆನೆಯುವ ಹಬ್ಬವೆಂದು ಆ ಸ್ಮಶಾನದ ತುಂಬ ದೀಪ ಹಚ್ಚಿದ್ದರು. ಗಾಜಿನ ಬುಡ್ಡಿಗಳಲ್ಲಿ ಸಾವಿರಾರು ದೀಪ. ಮಕ್ಕಳು, ಮುದುಕರು, ಸಂಸಾರ ಸಮೇತ ಬಂದು ಸಮಾಧಿಗಳ ನಡುವೆ ನಿಧಾನಕ್ಕೆ ತಿರುಗುತ್ತಿದ್ದರು. ಹೆಂಗಸರು ಸ್ಮಶಾನದ ಕಡೆ ತಲೆಯನ್ನೂ ಹಾಕದ ಊರಿನವಳು ನಾನು. ಗೇಟಿನ ಬಳಿ ನಿಂತು ಬಾಯಿಬಿಟ್ಟುಕೊಂಡು ನೋಡಿದೆ. ಒಳಗೆ ಮಾತ್ರ ಕಾಲಿಡಲಿಲ್ಲ.

ನನ್ನ ಕೋಣೆಯಲ್ಲಿ ಇದ್ದವಳು ಪೋರ್ಚುಗಲ್‌ನ ಹುಡುಗಿ. ನನ್ನ ಹಾಗೆಯೇ ಒಂದು ಸೆಮಿಸ್ಟರಿಗೆ ಬಂದವಳು. ಎತ್ತರದ ಆಳು, ನಕ್ಕರೆ ಕಾರಿಡಾರಿನ ತುದಿಗೆ ಕೇಳುತ್ತಿತ್ತು. ಮೊದಮೊದಲು ನನಗೆ ಅವಳ ನಗುವಿಗೂ ಭಯ. ಆದರೆ ಒಳ್ಳೆಯವಳು. ಹೀಟರ್ ತಿರುಗಿಸುವುದು, ಐಸಿನ ಮೇಲೆ ಜಾರದಂತೆ ಹೆಜ್ಜೆ ಇಡುವುದು, ಎಲ್ಲ ಅವಳೇ ಹೇಳಿಕೊಟ್ಟಳು. ರಾತ್ರಿ ನನ್ನ ಹಾಸಿಗೆಯಿಂದ ನಾಲ್ಕು ಅಡಿಯಲ್ಲಿ ಇನ್ನೊಂದು ಜೀವ ಉಸಿರಾಡುತ್ತಿದೆ ಎಂಬುದೇ ನನಗೆ ದೊಡ್ಡ ಧೈರ್ಯ. ಹುಟ್ಟಿದಾಗಿನಿಂದ ನಡುಮನೆಯಲ್ಲಿ ಸಾಲಾಗಿ ಮಲಗಿದವಳು, ಒಬ್ಬಳೇ ಮಲಗಿದ್ದೇ ಇಲ್ಲ. ದಿಂಬಿನ ಕೆಳಗೆ ಕುಡುಗೋಲು, ಪಕ್ಕದಲ್ಲಿ ಅವಳು. ಹೀಗೆ ದಿನ ಕಳೆಯುತ್ತಿದ್ದವು.

ನವೆಂಬರ್ ಕೊನೆಗೆ ಅವಳು ಬದಲಾದಳು. ಬೆಳಿಗ್ಗೆ ಮಾತಾಡಿಸುವುದು ಬಿಟ್ಟಳು. ನಾನು ಒಳಗೆ ಬಂದರೆ ಅವಳಿಗೆ ಹೊರಗೆ ಏನೋ ಕೆಲಸ ನೆನಪಾಗುತ್ತಿತ್ತು. ಆಮೇಲೆ ರಾತ್ರಿಗಳಲ್ಲೂ ಗೆಳತಿಯ ಕೋಣೆಗೆ ಹೋಗತೊಡಗಿದಳು. ನನಗೆ ತಕ್ಷಣ ಹೊಳೆದದ್ದು ತಲೆಗೆ ಹಾಕುವ ಕೊಬ್ಬರಿ ಎಣ್ಣೆ. ಎಣ್ಣೆ ಬಿಟ್ಟೆ. ಅಮ್ಮ ಕಟ್ಟಿಕೊಟ್ಟ ಹುರುಳಿ ಚಟ್ನಿಪುಡಿಯ ಡಬ್ಬಿಯನ್ನು ಮೂರು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೀರುವಿನ ಮೂಲೆಗೆ ಇಟ್ಟೆ. ವಾಸನೆ ಹೋಗಲಿ ಎಂದು ಆ ಚಳಿಯಲ್ಲಿ ಕಿಟಕಿ ತೆಗೆದು, ಎರಡು ಸ್ವೆಟರ್ ಹಾಕಿ ಕೂತೆ. ಅವಳು ಬರಲೇ ಇಲ್ಲ.

ತಂಗಿಗೆ ಫೋನ್ ಮಾಡಿ ಅತ್ತೆ. "ನಾತ ಇದ್ರೆ ಇರ್ಲಿ ಬಿಡೇ, ಅವ್ರೇನು ಗಂಧದ ಕೊರಡಾ?" ಎಂದು ಅವಳು ಸಮಾಧಾನ ಮಾಡಿದಳು. ಹಿಂದಿನಿಂದ ಅಪ್ಪನ ದನಿ ಕೇಳಿತು. "ಯಾರೇ ಅದು, ಅಕ್ಕನಾ? ಭಯ ಗಿಯ ಆಗ್ತಿಲ್ವಂತಾ?" ತಂಗಿ ಒಂದು ಕ್ಷಣವೂ ತಡೆಯದೆ, "ಐಸ್ ಮೇಲೆ ಆಟ ಆಡ್ತಾವಳಂತೆ ಅಪ್ಪಾ," ಎಂದಳು.

ಆ ಶುಕ್ರವಾರ ಹಾಸ್ಟೆಲ್ ವಾರ್ಡನ್ ನನ್ನನ್ನು ಕೆಳಗೆ ಕರೆಸಿದರು. ಬಿಳಿಗೂದಲಿನ ಹೆಂಗಸು. ಪಕ್ಕದಲ್ಲಿ ವಿದೇಶಿ ವಿದ್ಯಾರ್ಥಿಗಳ ವಿಚಾರ ನೋಡಿಕೊಳ್ಳುವ ಒಬ್ಬ ಅಧಿಕಾರಿ ಕುಳಿತಿದ್ದರು. ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಅದರ ಮೇಲೆ ಅಮ್ಮನ ಕುಡುಗೋಲು ಇಟ್ಟಿದ್ದರು.

ನಡೆದದ್ದು ಇಷ್ಟು. ಅಲ್ಲಿ ಎರಡು ವಾರಕ್ಕೊಮ್ಮೆ ಹಾಸಿಗೆಯ ಬಟ್ಟೆ ಕೆಳಗೆ ಕೊಟ್ಟು ಒಗೆದದ್ದು ತರಬೇಕು. ನಾನು ಪ್ರಯೋಗಾಲಯದಲ್ಲಿ ತಡವಾದ ಒಂದು ದಿನ, ಪಾಪ ಎಂದು ನನ್ನ ಕೋಣೆಯ ಹುಡುಗಿಯೇ ನನ್ನ ಹಾಸಿಗೆಯ ಬಟ್ಟೆಯನ್ನೂ ತೆಗೆಯಲು ಹೋಗಿದ್ದಾಳೆ. ದಿಂಬು ಎತ್ತಿದರೆ ಕುಡುಗೋಲು. ಕೆಲವು ದಿನ ಯಾರಿಗೂ ಹೇಳದೆ ಒಳಗೊಳಗೇ ನಡುಗಿ, ಕೊನೆಗೆ ವಾರ್ಡನ್‌ಗೆ ಹೇಳಿದ್ದಾಳೆ. ಆ ಶುಕ್ರವಾರ ನಾನು ಕ್ಲಾಸಿನಲ್ಲಿದ್ದಾಗ ಅವರು ಬಂದು ತೆಗೆದುಕೊಂಡು ಹೋಗಿದ್ದರು.

"ಇದು ಯಾರ ಮೇಲೆ ಉಪಯೋಗಿಸಲು?" ಎಂದು ಅಧಿಕಾರಿ ಕೇಳಿದರು.

ಯಾರ ಮೇಲೂ ಅಲ್ಲ ಎಂದೆ. ಕೆಟ್ಟ ಕನಸು ಬೀಳದಿರಲಿ ಎಂದು ಇಟ್ಟುಕೊಂಡಿದ್ದೇನೆ, ನಮ್ಮ ಕಡೆ ಕೂಸಿನ ತೊಟ್ಟಿಲಲ್ಲೂ ಕಬ್ಬಿಣ ಇಡುತ್ತಾರೆ ಎಂದೆ. ನನ್ನ ಇಂಗ್ಲಿಷಿನಲ್ಲಿ ಅದು ಕೂಸಿನ ಪಕ್ಕ ಕತ್ತಿ ಇಟ್ಟು ಮಲಗಿಸುವ ರಾಕ್ಷಸರ ಊರಿನಂತೆ ಕೇಳಿಸಿತು. ಅವರು ಮುಖ ಮುಖ ನೋಡಿಕೊಂಡರು. ವಾರ್ಡನ್ ಮಾತ್ರ ಸ್ವಲ್ಪ ಮುಂದೆ ಬಾಗಿ, "ಇದರಿಂದ ಕನಸು ನಿಲ್ಲುತ್ತದೆಯೇ?" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

"ನಮ್ಮೂರಿನಲ್ಲಿ ನಿಲ್ಲುತ್ತಿತ್ತು," ಎಂದೆ.

ಅಧಿಕಾರಿ ನಿಯಮ ವಿವರಿಸಿದರು. ಆ ಹುಡುಗಿ ಬರೆದು ದೂರು ಕೊಟ್ಟರೆ ವಿಷಯ ಪೊಲೀಸರಿಗೆ ಹೋಗುತ್ತದೆ, ಆಗ ನನ್ನನ್ನು ಊರಿಗೆ ಕಳಿಸದೆ ಬೇರೆ ದಾರಿಯಿಲ್ಲ. ಸೋಮವಾರದ ತನಕ ಅವಳಿಗೆ ಯೋಚಿಸಲು ಸಮಯ ಕೊಟ್ಟಿದ್ದೇವೆ ಎಂದರು.

ಆ ಶನಿವಾರ ಭಾನುವಾರ ನಾನು ಪಟ್ಟ ಭಯ ಶತ್ರುವಿಗೂ ಬೇಡ. ಅತ್ತುಕೊಂಡು ವಾಪಸ್ಸು ಹೋಗುವುದೇ ಮನೆಯಲ್ಲಿ ದೊಡ್ಡ ಅಪರಾಧ. ಪೊಲೀಸರಿಂದ ಅಟ್ಟಿಸಿಕೊಂಡು ಹೋದರೆ? ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ತಲೆ ತಗ್ಗಿಸಿ ನಿಂತದ್ದು ಕಣ್ಣಿಗೆ ಕಟ್ಟಿತು. ಮಾಲೂರಿನವರು ತಟ್ಟೆ ಹಿಡಿದು ಬಂದದ್ದು, ತಂಗಿ ರೇಷ್ಮೆ ಸೀರೆಯಲ್ಲಿ ತಲೆ ಬಗ್ಗಿಸಿ ಕೂತದ್ದು ಕಟ್ಟಿತು. ಇನ್ನು ಮೇಲೆ ತಾಯಲೂರಿನ ಅಕ್ಕನ ಬದಲು ನನ್ನನ್ನೇ ಎಲ್ಲ ಹುಡುಗಿಯರ ಮುಂದೆ ತಂದು ನಿಲ್ಲಿಸುತ್ತಾರೆ ಎನ್ನಿಸಿತು. ಊಟ ಇಳಿಯಲಿಲ್ಲ. ಯಾರ ಬಳಿ ಹೇಳಿಕೊಳ್ಳುವುದು? ತಂಗಿಗೂ ಹೇಳಲಿಲ್ಲ. ಅವಳಿಗೆ ಹೇಳುವ ಧೈರ್ಯ ಎಲ್ಲಿಂದ ತರಲಿ?

ಭಾನುವಾರ ಸಂಜೆ ಬಟ್ಟೆ ಒಗೆಯುವ ಕೋಣೆಯಲ್ಲಿ ಆ ಪೋರ್ಚುಗಲ್ ಹುಡುಗಿ ಎದುರಾದಳು. ಇಬ್ಬರೂ ಗಕ್ಕನೆ ನಿಂತೆವು. ಅವಳು ಬಕೆಟನ್ನು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ನನ್ನ ಜೀವಮಾನದಲ್ಲಿ ನನ್ನನ್ನು ನೋಡಿ ಯಾರೂ ಹಿಂದೆ ಸರಿದಿರಲಿಲ್ಲ, ನಮ್ಮ ಮನೆಯ ಕೋಳಿಯೂ ಸಹ. ನನಗೆ ಅಳು ಉಕ್ಕಿ ಬಂತು.

"ನಾನು ನಿನಗೆ ಹೆದರಿದ್ದೆ," ಎಂದಳು ಅವಳು. "ನೀನು ನಿದ್ದೆಯಲ್ಲಿ ನಿಮ್ಮ ಭಾಷೆಯಲ್ಲಿ ಕೂಗುತ್ತೀಯ. ನನ್ನನ್ನೇ ಬೈಯುತ್ತಿದ್ದೀಯ ಅಂದುಕೊಂಡಿದ್ದೆ. ಎಷ್ಟೋ ರಾತ್ರಿ ನಿನ್ನನ್ನೇ ನೋಡುತ್ತ ಎಚ್ಚರವಾಗಿದ್ದೆ."

"ನಾನು ಎಲ್ಲರಿಗೂ ಹೆದರುತ್ತೇನೆ," ಎಂದೆ. "ನಿನ್ನ ನಗುವಿಗೂ ಹೆದರಿದ್ದೆ. ಕೂಗುವುದು ನಮ್ಮಮ್ಮನನ್ನು." ಆಮೇಲೆ ತಂಗಿಯ ವಿಷಯ, ಧಾರವಾಡದ ವಿಷಯ, ಬಾಯಿಗೆ ಬಂದ ಹಾಗೆ ಎಲ್ಲ ಹೇಳಿದೆ. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಯಂತ್ರ ತಿರುಗುತ್ತಿತ್ತು. ಅದು ನಿಂತ ಮೇಲೆ ಬಟ್ಟೆ ತೆಗೆದುಕೊಂಡು ಹೋದಳು.

ಅವಳು ದೂರು ಕೊಡಲಿಲ್ಲ. ಆದರೆ ಬೇರೆ ಕೋಣೆ ಕೇಳಿದಳು. ಕೊಟ್ಟರು. ಕುಡುಗೋಲು ವಾರ್ಡನ್ ಬೀರುವಿಗೆ ಸೇರಿತು, ಹೊರಡುವಾಗ ಕೇಳಿ ತೆಗೆದುಕೊಂಡು ಹೋಗು ಎಂದರು. ಎರಡು ತಿಂಗಳಿಗೂ ಹೆಚ್ಚು ಕಾಲ ನಾನು ಆ ಕೋಣೆಯಲ್ಲಿ ಒಬ್ಬಳೇ ಇದ್ದೆ, ಪಕ್ಕದಲ್ಲಿ ಉಸಿರಿಲ್ಲ, ದಿಂಬಿನ ಕೆಳಗೆ ಕಬ್ಬಿಣವಿಲ್ಲ. ಆಮೇಲೆ ಧೈರ್ಯ ಬಂತು ಎಂದು ಬರೆದರೆ ಸುಳ್ಳು. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು, ದೀಪ ಹಚ್ಚಿಕೊಂಡೇ ಮಲಗಿದೆ. ಎಚ್ಚರವಾದರೆ ಎದ್ದು ಕೂತು ಓದಿದೆ. ಅದಕ್ಕೇ ಇರಬೇಕು, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಭಯ ಹಾಗೇ ಇತ್ತು, ದಿನಗಳು ಮಾತ್ರ ಮುಗಿದವು. ಹೊರಡುವ ದಿನ ವಾರ್ಡನ್ ಕೋಣೆಯ ಬಾಗಿಲ ತನಕ ಹೋಗಿ, ಕೇಳಲು ಬಾಯಿ ಬರದೆ ಹಿಂದಿರುಗಿದೆ. ಹಳೆಯ ಕುಡುಗೋಲು ತಾನೇ ಎಂದುಕೊಂಡೆ.

ನಾನು ಊರಿಗೆ ಬಂದಾಗ ಗೂಡು ಬಿಡಿಸುವ ಕೆಲಸ ನಡೆದಿತ್ತು. ಅಮ್ಮ, ತಂಗಿ, ನಾನು ಮೂವರೂ ಜಗುಲಿಯಲ್ಲಿ ಕೂತು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ರೇಷ್ಮೆಗೂಡು ಕಿತ್ತು ಕುಕ್ಕೆಗೆ ಹಾಕುತ್ತಿದ್ದೆವು. ಅಮ್ಮ ಬಡವಾಗಿದ್ದಳು, ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು.

"ಕೊಡವಲಿ ಎಲ್ಲೇ?" ಎಂದಳು.

ಎಲ್ಲ ಹೇಳಿದೆ. ಅಪ್ಪ ತೋಟದಲ್ಲಿದ್ದರು, ಅದು ನನ್ನ ಪುಣ್ಯ. ಹೇಳಿ ಮುಗಿಯುವ ಮುಂಚೆಯೇ ಅಮ್ಮ ನಗತೊಡಗಿದಳು. ಸೆರಗು ಬಾಯಿಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಿನ್ನ ನೋಡಿ ಹೆದರಿದ್ರಾ? ನಿನ್ನಾ! ಲೇ, ಕೇಳಿದ್ಯಾ, ನಿಮ್ಮಕ್ಕನ್ನ ನೋಡಿ ಒಂದು ದೇಶದವ್ರು ಹೆದರಿದ್ರಂತೆ ಕಣೇ!" ತಂಗಿ ಉರುಳಾಡಿ ನಕ್ಕಳು. ನಾನೂ ನಕ್ಕೆ. ಅಷ್ಟು ತಿಂಗಳ ಮೇಲೆ ನಕ್ಕದ್ದು ಅದೇ ಮೊದಲು.

ನಗು ಇಳಿದ ಮೇಲೆ ಅಮ್ಮ ಕೈಯಲ್ಲಿದ್ದ ಗೂಡನ್ನು ತಿರುಗಿಸಿ ತಿರುಗಿಸಿ ನೋಡುತ್ತ, "ಹೋಗ್ಲಿ ಬಿಡು. ಅದು ನಂದು," ಎಂದಳು.

ಮದುವೆಯಾಗಿ ಗೌನಿಪಲ್ಲಿಯಿಂದ ಬಂದ ಹೊಸದರಲ್ಲಿ ಅವಳನ್ನು ರಾತ್ರಿಯ ಸೊಪ್ಪು ಹಾಕಲೆಂದು ಹುಳುಮನೆಯಲ್ಲಿ ಒಬ್ಬಳೇ ಮಲಗಿಸುತ್ತಿದ್ದರಂತೆ. ಮಾವಿನ ತೋಟದ ನಡುವೆ ಬೆಳೆದವಳಿಗೆ ಹುಳುವೆಂದರೇ ಅಸಹ್ಯ, ಮಾತಾಡಲು ಕನ್ನಡ ನೆಟ್ಟಗೆ ಬಾರದು. ಭಯಕ್ಕೆ ಜ್ವರ ಬಂದು ಮಲಗಿದಾಗ ಅವಳಮ್ಮ ತವರಿನಿಂದ ಆ ಕುಡುಗೋಲು ತಂದು ತಲೆದೆಸೆಯಲ್ಲಿಟ್ಟು ಹೋದರಂತೆ. ಅಂದಿನಿಂದ ಅದು ಅವಳ ಚಾಪೆಯ ಕೆಳಗೇ ಇತ್ತು. ನಡುಮನೆಯಲ್ಲಿ ನಮ್ಮ ಪಕ್ಕದಲ್ಲೇ ಮಲಗುತ್ತಿದ್ದಳು, ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಮ್ಮನಿಗೂ ಭಯ ಎಂಬುದೊಂದು ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

"ಮತ್ತೆ ನೀನು? ಇಷ್ಟು ದಿನ?" ಎಂದೆ.

"ನಿದ್ದೆ ಎಲ್ಲಿ ಬರ್ತದೆ," ಎಂದಳು ಅಮ್ಮ, ಗೂಡು ಕೀಳುತ್ತ. "ನೀನು ಮಲಗಿದ್ರೆ ಆಯ್ತು ಅಂತ ಇದ್ದೆ."

ನಾನು ಅಲ್ಲಿ ಎದ್ದು ಕೂತು ಓದಿದ ರಾತ್ರಿಗಳಲ್ಲೆಲ್ಲ ಅವಳೂ ಇಲ್ಲಿ ಎದ್ದು ಕೂತಿದ್ದಳು. ಅವಳ ಕುಡುಗೋಲು ಯಾವುದೋ ದೇಶದ ಬೀರುವಿನಲ್ಲಿ ಬೀಗದೊಳಗಿತ್ತು. ನನಗೆ ಅಳುವುದಕ್ಕೂ ನಾಚಿಕೆಯಾಯಿತು. ಆ ಮಧ್ಯಾಹ್ನ ಗೂಡು ಮಾರುಕಟ್ಟೆಗೆ ಹೋದ ಮೇಲೆ ಅಮ್ಮ ಖಾಲಿ ಜಗುಲಿಯಲ್ಲಿ, ನನ್ನ ಮಗ್ಗುಲಲ್ಲೇ ಹಾಗೇ ಒರಗಿ ನಿದ್ದೆ ಹೋದಳು. ಏಳಿಸಲು ಬಂದ ಕೋಳಿಯನ್ನೂ ನಾನು ಓಡಿಸಿದೆ.

ಅಪ್ಪ ಮಾತಿಗೆ ತಪ್ಪಲಿಲ್ಲ. ಮಾಲೂರಿನವರಿಗೆ ಆಗುವುದಿಲ್ಲ ಎಂದು ಹೇಳಿಕಳಿಸಿದರು. ಪಿಯುಸಿ ಮುಗಿಸಿದ ತಂಗಿಗೆ ಧಾರವಾಡದಲ್ಲಿ ಸೀಟು ಸಿಕ್ಕಿತು. ಪೆಟ್ಟಿಗೆ ಕಟ್ಟುವಾಗ ಅಮ್ಮ ಸಂತೆಯಿಂದ ಹೊಸ ಕುಡುಗೋಲು ತಂದೇ ತರುತ್ತಾಳೆ ಎಂದುಕೊಂಡಿದ್ದೆ. ತರಲಿಲ್ಲ. ಚಟ್ನಿಪುಡಿ ಕಟ್ಟಿದಳು, ಹೊದಿಕೆ ಮಡಿಸಿ ಇಟ್ಟಳು, ಅಷ್ಟೇ.

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಬಸ್ಸು ನಿಂತಿತ್ತು. ಅಲ್ಲಿಂದ ರೈಲು ಹತ್ತಿಸಿ, ಧಾರವಾಡದವರೆಗೆ ಬಿಟ್ಟು ಬರಲು ಹೊರಟಿದ್ದ ಅಪ್ಪ ಪೆಟ್ಟಿಗೆ ಮೇಲೆ ಹಾಕಿಸಿ ಸೀಟು ಹಿಡಿಯಲು ಒಳಗೆ ಹೋದರು. ಇಷ್ಟು ದಿನ ನನ್ನನ್ನು ಗೇಲಿ ಮಾಡುತ್ತ ಕುಣಿಯುತ್ತಿದ್ದ ತಂಗಿ ಬಾಗಿಲ ಹಿಡಿ ಹಿಡಿದು ನಿಂತುಬಿಟ್ಟಳು.

"ಅಮ್ಮಾ, ಭಯ ಆಗ್ತದೆ," ಎಂದಳು.

ಭಯ ಪಡಬೇಡ ಎನ್ನುತ್ತಾಳೆ ಎಂದು ನಾನು ಅಮ್ಮನ ಕಡೆ ನೋಡಿದೆ. ನಮಗೆ ಅವಳು ಯಾವಾಗಲೂ ಹೇಳಿದ್ದು ಅದನ್ನೇ. ಅಮ್ಮ ಅವಳ ಕೆನ್ನೆಗೆ ಅಂಟಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು.

"ಆಗ್ಲಿ ಕಣೇ," ಎಂದಳು. "ನಂಗೂ ಆಗ್ತದೆ. ಹತ್ತು, ಸೀಟು ಹೋಗ್ತದೆ."